ಡಬ್ಬದ ಹಿಂದಿನ ಫ್ಯಾನು

ಕಂಪ್ಯೂಟರ್ ಅಂಗಡಿ ಇಟ್ಟವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ವಾರಕ್ಕೊಂದಾದರೂ ತಾನೇ ಬಸ್ಸು ಹತ್ತಿ ಬರುತ್ತದೆ. ಮಾನಿಟರುಗಳು ಇನ್ನೂ ಅಕ್ಕಿಮೂಟೆಯಷ್ಟು ದಪ್ಪಗಿದ್ದ ಕಾಲ. ಚಾಮರಾಜನಗರದಲ್ಲಿ ನಾನು ಅಂಗಡಿ ತೆರೆದು ಆರು ತಿಂಗಳಾಗಿತ್ತು. ಗುಂಡ್ಲುಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಟೈಪಿಂಗ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ಶುರು ಮಾಡಲು ನನ್ನನ್ನು ಕರೆಸಿದರು.

"ಮೊದ್ಲು ಒಂದು ಕೊಡು. ಒಂದ್ ತಿಂಗ್ಳು ನಿಲ್ದಂಗೆ ಓಡುದ್ರೆ ಇನ್ನ ಒಂಬತ್ತು ನಿನ್ನತ್ರನೇ. ಇಲ್ದಿದ್ರೆ ಇದ್ನೂ ಎತ್ಕಂಡೋಗು" ಎಂದರು.

ನನ್ನ ಅಂಗಡಿ ಉಳಿಯುವುದು ಆ ಒಂಬತ್ತರ ಮೇಲೆ ನಿಂತಿತ್ತು. ತಪ್ಪಿದರೆ ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಗೇಟು ಕಾಯುವ ಕೆಲಸಕ್ಕೆ ನಮ್ಮ ಮಾವ ಆಗಲೇ ಮಾತಾಡಿಟ್ಟಿದ್ದರು.

೧. ಸದ್ದು ಬೇಕು

ಕಂಪ್ಯೂಟರಿನ ಡಬ್ಬದೊಳಗೆ ಬಿಸಿ ಏರಿದರೆ ಅದು ತಾನಾಗಿ ಆಫ್ ಆಗುತ್ತದೆ. ಅದಕ್ಕೇ ಬಿಸಿಗಾಳಿಯನ್ನು ಹೊರಗೆ ತಳ್ಳಲು ಹಿಂದುಗಡೆ ಒಂದು ಫ್ಯಾನು. ಮೂರು ಥರದ್ದು ಒಯ್ದು ಮೇಷ್ಟ್ರ ಮುಂದೆ ತಿರುಗಿಸಿ ತೋರಿಸಿದೆ. ಎಲ್ಲಕ್ಕಿಂತ ಒಳ್ಳೆಯದು ಪಿಟ್ಟೆನ್ನದೆ ತಿರುಗಿತು. ಮೇಷ್ಟ್ರು ಅದಕ್ಕೆ ಕಿವಿಗೊಟ್ಟು ಮುಖ ಸಿಂಡರಿಸಿದರು.

"ಇದು ಓಡ್ತಾನೇ ಇಲ್ವಲ್ಲಲಾ."

"ಓಡ್ತಾ ಇದೆ ಸಾರ್. ಸದ್ದಿಲ್ದಿರೋದೇ ಇದರ ಗುಣ."

"ನಂಗೇಳ್ಬೇಡ ಕಣ್ಲಾ. ಇಪ್ಪತ್ತೊರ್ಸ ಟೈಪಿಂಗ್ ಏಳ್ಕೊಟ್ಟಿವ್ನಿ. ರೂಮ್ನಲ್ಲಿ ಸದ್ದು ನಿಂತ್ರೆ ಕೆಲ್ಸ ನಿಂತದೆ ಅಂತ್ಲೇ ಅರ್ಥ."

ಮೂರರಲ್ಲಿ ಅತಿ ಕಳಪೆಯದನ್ನು, ಹಿಟ್ಟಿನ ಗಿರಣಿಯಂತೆ ಗುರುಗುಟ್ಟುವುದನ್ನು, ಆರಿಸಿದರು. ಬೀದಿಯಲ್ಲಿ ಹೋಗುವವರಿಗೂ ಕ್ಲಾಸು ನಡೆಯುತ್ತಿರುವುದು ಗೊತ್ತಾಗಬೇಕಂತೆ. ಎರಡೇ ದಿನಕ್ಕೆ ಫೋನು ಬಂತು: "ಮಿಷನ್ನು ಭೇಷಾಗದೆ ಕಣಪ್ಪ. ನಾನ್ ಏಳೋದೇ ಯಾರ್ಗೂ ಕೇಳಿಸ್ತಿಲ್ಲ. ಒಂದು ಮೈಕ್ ಸೆಟ್ಟು ಸಿಕ್ಕದಾ?"

೨. ಊದುಕಡ್ಡಿ

ಮೈಕಿನ ಬದಲು ಮಧ್ಯಮ ಸದ್ದಿನ ಫ್ಯಾನಿಗೆ ಒಪ್ಪಿಸಿದೆ. ಅದು ಗಾಳಿಯನ್ನು ಯಾವ ಕಡೆಗೆ ತಳ್ಳುತ್ತದೆ ಎಂದು ಮೇಷ್ಟ್ರಿಗೆ ಅನುಮಾನ. ಮಂಡಿಯೂರಿ ಕೂತು, ಊದುಕಡ್ಡಿ ಹಚ್ಚಿ, ಹೊಗೆ ಮುಂದಿನಿಂದ ಒಳಗೆ ಹೋಗಿ ಹಿಂದಿನಿಂದ ಹೊರಬರುವುದನ್ನು ತೋರಿಸುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರ ತಾಯಿ, ಎಂಬತ್ತರ ಅಜ್ಜಿ, ಒಳಗಿನಿಂದ ಬಂದವರು ನನ್ನನ್ನು ನೋಡಿ ಕೈಮುಗಿದೇಬಿಟ್ಟರು. "ಏನ್ ಭಕ್ತಿ ಕಣಪ್ಪ ನಿಂದು!" ಎಂದು ಕುಂಕುಮ, ಹೂವು, ಕಾಯಿ ಎಲ್ಲ ತಂದರು. ಇನ್ನು ಕಡ್ಡಿ ಆರಿಸುವಂತಿಲ್ಲ, ಮೇಲೇಳುವಂತಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ಚಾಮರಾಜನಗರದ ಬಸ್ಸು ಹೋಗಿತ್ತು. ಬೇಸರವೇನೂ ಆಗಲಿಲ್ಲ, ಅಜ್ಜಿ ಇಕ್ಕಿದ ಮುದ್ದೆ, ಉಪ್ಸಾರು ಅಷ್ಟು ಚೆನ್ನಾಗಿತ್ತು.

ಮುಂದಿನ ಸಲ ಹೋದಾಗ ಅಜ್ಜಿ ಬಾಗಿಲಲ್ಲೇ ಕೂಗಿದರು: "ಮಗಾ, ಕಂಪ್ಯೂಟರ್ ಅಯ್ನೋರು ಬಂದವ್ರೆ, ಕಾಲ್ಗೆ ನೀರ್ ಕೊಡು!"

೩. ಬಸ್ಸಿನಲ್ಲಿ

ಆಷಾಢದ ಜಡಿಮಳೆ ಹಿಡಿಯಿತು. ಅದೇ ವಾರ ಕಂಪ್ಯೂಟರ್ ನಿಲ್ಲತೊಡಗಿತು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ಗಂಟೆ ಹೊಡೆದ ಹಾಗೆ. ಗಾಳಿ ಸಾಲದೇನೋ ಎಂದುಕೊಂಡೆ. ಮೈಸೂರಿಗೆ ಹೋಗಿ ಇನ್ನೂ ದೊಡ್ಡ ಫ್ಯಾನು ತಂದೆ. ಗುಂಡ್ಲುಪೇಟೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಬೇಗೂರಿನಲ್ಲಿ ಹತ್ತಿದ ಯಜಮಾನರೊಬ್ಬರು, "ಇದ್ಯಾರ್ಗಪ್ಪ ಇಷ್ಟ್ ಸಣ್ ಫ್ಯಾನು?" ಎಂದರು.

"ಕಂಪ್ಯೂಟರ್‌ಗೆ. ಅದಕ್ಕೆ ಸೆಕೆ ತಡೆಯಕ್ಕಾಗಲ್ಲ. ಜಾಸ್ತಿ ಆದ್ರೆ ಕೆಲಸ ನಿಲ್ಲಿಸಿಬಿಡುತ್ತೆ."

ಯಜಮಾನರು ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಕುಂತಲ್ಲೇ ಕೆಲ್ಸ, ಪಕ್ಕದಲ್ಲೇ ಫ್ಯಾನು, ಬೇಜಾರಾದಾಗ ರಜ. ಇದು ಸರ್ಕಾರಿ ನೌಕ್ರಿನೇ ಬುಡು."

೪. ಹತ್ತು ಗಂಟೆ

ದೊಡ್ಡ ಫ್ಯಾನು ಹಾಕಿದೆ. ಮರುದಿನವೂ ಹತ್ತಕ್ಕೆ ನಿಂತಿತು. ಮೇಷ್ಟ್ರು, "ನಾಳೆ ನಿಂತ್ರೆ ಎತ್ಕಂಡೋಗ್ಬುಡು ಕಣಪ್ಪ" ಎಂದರು. ಬೈದಿದ್ದರೆ ಚೆನ್ನಾಗಿತ್ತು, ಮೆತ್ತಗೆ ಹೇಳಿದ್ದಕ್ಕೇ ಹೆಚ್ಚು ಸಂಕಟವಾಯಿತು.

ಮರುದಿನ ಎಂಟಕ್ಕೇ ಹೋಗಿ ಕಂಪ್ಯೂಟರಿನ ಪಕ್ಕ ಕಾವಲು ಕೂತೆ. ಡಬ್ಬದ ಬೆನ್ನು ಒಳಮನೆಯ ಬಾಗಿಲ ಕಡೆಗಿತ್ತು; ಆ ಬಾಗಿಲಿಗೊಂದು ಪರದೆ. ಒಂಬತ್ತೂವರೆಗೆ ಪರದೆಯ ಸಂದಿಯಿಂದ ಒಂದು ಕೈ ಬಂತು. ಫ್ಯಾನಿನ ಮೇಲೆ ಒದ್ದೆ ಬಟ್ಟೆಯೊಂದನ್ನು ನೀಟಾಗಿ ಹರವಿ ಒಳಗೆ ಹೋಯಿತು. ಪರದೆ ಸರಿಸಿದೆ. ಅಜ್ಜಿ!

"ಏನಜ್ಜಿ ಇದು?"

"ಲಂಗೋಟಿ ಕಣಪ್ಪ. ಮೊಮ್ಮಗ್ಳು ಬಾಣಂತನಕ್ಕೆ ಬಂದವ್ಳೆ. ಬಿಸ್ಲೇ ಇಲ್ಲ, ಮಗೀಗೆ ಒಣಗಿದ್ದು ಬ್ಯಾಡ್ವಾ? ಇಲ್ಲಿ ಬೆಚ್ಗೆ ಗಾಳಿ ಬತ್ತದೆ. ಮುಂಚಿನ್ ಫ್ಯಾನು ಅಷ್ಟಕ್ಕಷ್ಟೆ. ಈ ದೊಡ್ಡದು ಚಿನ್ನ ಕಣಪ್ಪ, ಒಂದೊಂದೂ ಕಾಲ್ಗಂಟೇಲಿ ಗರಿಗರಿ!"

ದಾರಿ ಮುಚ್ಚಿದರೆ ಬಿಸಿ ಹೊರಗೆ ಹೋಗುವುದು ಹೇಗೆ? ಮೇಷ್ಟ್ರಿಗೆ ತೋರಿಸಿದೆ. ಅವರು ಲಂಗೋಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ನನ್ನ ಮುಖ ನೋಡಲಾಗದೆ ಗೋಡೆ ನೋಡಿಕೊಂಡು ಹೇಳಿದರು: "ತಪ್ಪು ನಿಂದಲ್ಲ ಬುಡು. ಒಂಬತ್ತೂ ನೀನೇ ತಂದಾಕು."

ನನಗೆ ಕಣ್ಣು ತುಂಬಿಬಂತು. ಬದನಗುಪ್ಪೆಯ ಗೇಟು ಬೇರೆಯವರೇ ಕಾಯಲಿ ಎಂದುಕೊಂಡೆ.

ಅಜ್ಜಿಯ ಮುಖ ನನಗಿಂತಲೂ ಅರಳಿತ್ತು. "ಒಂಬತ್ತು ಬಂದವಾ? ಅಂಗಾರೆ ಎಲ್ಲಾನೂ ಒಂದೇ ಸಾಲ್ನಲ್ಲಿ ಮಡುಗ್ಸು ಮಗಾ. ನನ್ ಸೀರೆ ಉದ್ದಕ್ಕೆ ಒಣಗಾಕ್ಬೋದು!"