ಹದಿನೇಳನೆಯ ಓತಿಕ್ಯಾತದ ಒಪ್ಪಿಗೆ

ಹೈದರಾಬಾದಿನ ಗಚ್ಚಿಬೌಲಿಯಿಂದ ಆರು ಕಿಲೋಮೀಟರು ಆಚೆಗಿರುವ ಪ್ರಾಣಿವೈವಿಧ್ಯ ಹಾಗೂ ವಿಕಾಸ ಅಧ್ಯಯನ ಕೇಂದ್ರದ ಆವರಣದಲ್ಲಿ, ಹೋದ ವರ್ಷದ ಮೇ ತಿಂಗಳ ಗಣತಿಯ ಪ್ರಕಾರ, ನಲವತ್ತೊಂದು ಓತಿಕ್ಯಾತಗಳೂ ನೂರಾ ಹನ್ನೆರಡು ನೌಕರರೂ ಇದ್ದರು. ಓತಿಕ್ಯಾತಗಳು ಬೆಳಿಗ್ಗೆ ಏಳಕ್ಕೆಲ್ಲ ಬಂಡೆಯ ಮೇಲೆ ಹಾಜರಿರುತ್ತಿದ್ದವು.

ಕೇಂದ್ರದಲ್ಲಿ ಮೂರು ವಿಭಾಗಗಳಿವೆ. ಪ್ರಾಣಿ ಪ್ರಭೇದಗಳನ್ನು ಎಣಿಸುವುದು ಒಂದು, ಅವು ಹೇಗೆ ವಿಕಾಸವಾದವು ಎಂದು ನೋಡುವುದು ಇನ್ನೊಂದು, ಅವುಗಳ ಮೇಲೆ ಮನುಷ್ಯನ ಪ್ರಭಾವ ಎಷ್ಟು ಎಂದು ಅಳೆಯುವುದು ಮೂರನೆಯದು. ಮೊದಲ ವಿಭಾಗದ ಅಂಕಿ ವರ್ಷ ವರ್ಷವೂ ಇಳಿಯುತ್ತಿತ್ತು, ಮೂರನೆಯದರ ಅಂಕಿ ಏರುತ್ತಿತ್ತು. ಆದ್ದರಿಂದ ಉತ್ತಮ ಪ್ರಗತಿಯ ಫಲಕ ಸತತ ನಾಲ್ಕು ವರ್ಷ ಮೂರನೆಯ ವಿಭಾಗಕ್ಕೇ ಬಂದಿತು.

ಆ ವಿಭಾಗದ ಡಾ. ಸುಭದ್ರಾ ಕಲಬುರಗಿಯವರು, ಮೆಹದಿಪಟ್ಟಣಂನಲ್ಲಿ ಮನೆ. ಒಂಬತ್ತು ವರ್ಷದಿಂದ ಆವರಣದ ಕಲ್ಲುಗುಡ್ಡದ ಓತಿಕ್ಯಾತಗಳನ್ನು ಅಭ್ಯಾಸ ಮಾಡುತ್ತಿದ್ದರು. ಪ್ರತಿಯೊಂದಕ್ಕೂ ಒಂದು ನಂಬರು, ಬಾಲದ ಬುಡದಲ್ಲಿ ಬಣ್ಣದ ಚುಕ್ಕೆ. ಅವುಗಳನ್ನು ಹಿಡಿಯುವ ಕೆಲಸ ಭಾಲ್ಕಿಯ ವೈಜನಾಥನದು. ಉದ್ದನೆ ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿ, ಉಸಿರು ಬಿಗಿಹಿಡಿದು, ಓತಿಕ್ಯಾತದ ಕೊರಳಿಗೆ ಹಾರ ಹಾಕಿದಷ್ಟು ಮೆಲ್ಲಗೆ ಹಾಕುತ್ತಿದ್ದ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದರ ಬಾಲವೂ ಅವನ ಕೈಯಲ್ಲಿ ಮುರಿದಿರಲಿಲ್ಲ.

ಮೇ ಕೊನೆಯ ವಾರ ಕೇಂದ್ರವು ಒಂದು ಪ್ರಕಟಣೆ ಹೊರಡಿಸಿತು. 'ಪ್ರಾಣಿಗಳ ಅಧ್ಯಯನಕ್ಕೆ ಸ್ಥಳಾವಕಾಶದ ಕೊರತೆ ಇರುವುದರಿಂದ, ಪ್ರಾಣಿಗಳು ಇರುವ ಗುಡ್ಡವನ್ನು ತೆಗೆದು, ಆ ಸ್ಥಳದಲ್ಲಿ ಒಂಬತ್ತು ಅಂತಸ್ತಿನ ಜೀವವೈವಿಧ್ಯ ಭವನ ನಿರ್ಮಿಸಲಾಗುವುದು. ಬಾಧಿತರು ಮೂವತ್ತು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು.' ಪ್ರಕಟಣೆಯನ್ನು ತೆಲುಗು, ಉರ್ದು, ಇಂಗ್ಲಿಷುಗಳಲ್ಲಿ ಬಂಡೆಗಳಿಗೆ ಅಂಟಿಸಲಾಯಿತು. ಅದರ ನೆರಳಿನಲ್ಲಿ ಎರಡು ಹೆಣ್ಣು ಓತಿಕ್ಯಾತಗಳು ಮಲಗಿದವು. ಅವು ಪ್ರಕಟಣೆಯನ್ನು ಸ್ವೀಕರಿಸಿವೆ ಎಂದು ಷರಾ ಬರೆಯಲಾಯಿತು.

ಸುಭದ್ರಾ ಹದಿನಾಲ್ಕು ಪುಟದ ಆಕ್ಷೇಪಣೆ ಬರೆದುಕೊಂಡು ನಿರ್ದೇಶಕರಾದ ಡಾ. ಜಯತೀರ್ಥರ ಕೋಣೆಗೆ ಹೋದರು. ಜಯತೀರ್ಥರು ರಾಯಚೂರಿನವರು, ಯಾರ ಮೇಲೂ ಸಿಟ್ಟು ಮಾಡಿದವರಲ್ಲ.

"ಭಾಳ ಛಂದ ಬರ್ದೀರಿ ಸುಭದ್ರಾ ಅವರ. ಆದ್ರ ಇದನ್ನ ತಗೊಳ್ಳಿಕ್ಕೆ ಬರೂದಿಲ್ಲ," ಎಂದರು.

"ಯಾಕ್ರಿ ಸರ್?"

"ನಿಮ್ಮ ಮನಿ ಎಲ್ಲದ?"

"ಮೆಹದಿಪಟ್ಟಣಂದಾಗ."

"ನೋಡ್ರಿ ಮತ್ತ. ನೀವು ಗುಡ್ಡದಾಗ ಇರೂದಿಲ್ಲ. ಬಾಧಿತರು ಹೆಂಗಾಗ್ತೀರಿ?"

ಸುಭದ್ರಾ ಅವರಿಗೆ ಸಿಟ್ಟು ನೆತ್ತಿಗೇರಿತು. "ಹಂಗಂದ್ರ ಗುಡ್ಡದಾಗ ಇರೋವನ್ನ ಕೇಳ್ರಿ ಸರ್! ಅವುಗಳ ಒಪ್ಪಿಗಿ ತಗೊಂಡು ಕೆಡವ್ರಿ!" ಎಂದು ಬಾಗಿಲು ಬಡಿದು ಹೊರಗೆ ಬಂದರು.

ಜಯತೀರ್ಥರು ಎದ್ದು ಬಾಗಿಲನ್ನು ಸರಿಯಾಗಿ ಮುಚ್ಚಿದರು. ನಂತರ ಟಿಪ್ಪಣಿ ಬರೆದರು. 'ಹಿರಿಯ ವಿಜ್ಞಾನಿಯ ಸಲಹೆ ಸ್ವೀಕಾರಾರ್ಹ. ಬಾಧಿತರು ಎಂದರೆ ಮನುಷ್ಯರೇ ಆಗಿರಬೇಕೆಂದು ನಿಯಮದಲ್ಲಿ ಎಲ್ಲಿಯೂ ಇಲ್ಲ.'

ಹೀಗೆ ಜೂನ್ ಹನ್ನೆರಡರಂದು ಸಭಾಂಗಣದಲ್ಲಿ ಬಾಧಿತರ ಅಹವಾಲು ಸಭೆ ಏರ್ಪಟ್ಟಿತು. ನಲವತ್ತೊಂದು ಬಾಧಿತರಿಗೂ ಆಸನ ಒದಗಿಸುವುದು ಕಷ್ಟವಾದ್ದರಿಂದ ಒಬ್ಬ ಪ್ರತಿನಿಧಿ ಸಾಕೆಂದು ತೀರ್ಮಾನವಾಯಿತು. ವೈಜನಾಥ ಹದಿನೇಳನೆಯ ನಂಬರಿನ ಗಂಡನ್ನು ಹಿಡಿದು ತಂದ. ಗುಡ್ಡದ ನೆತ್ತಿಯ ಬಂಡೆ ಅದರದು. ಬೆನ್ನು ಕೆಂಡದ ಬಣ್ಣ, ಪಕ್ಕೆಗಳು ಮಸಿಗಪ್ಪು. ಗಾಜಿನ ಪೆಟ್ಟಿಗೆಯಲ್ಲಿ ಕಲ್ಲೊಂದನ್ನು ಇಟ್ಟು, ಅದರ ಮೇಲೆ ಕೂರಿಸಿ, ನಿರ್ದೇಶಕರ ಎದುರಿನ ಮೇಜಿನ ಮೇಲೆ ಇಡಲಾಯಿತು.

ಅಂದು ಬೆಳಿಗ್ಗೆಯಷ್ಟೇ ಯಾವುದೋ ಸಂಘದವರು ಜಯತೀರ್ಥರನ್ನು ಸನ್ಮಾನಿಸಿದ್ದರು. ಅವರು ಕೆಂಪು ಶಾಲು ಹೊದ್ದುಕೊಂಡೇ ಬಂದಿದ್ದರು.

"ಗುಡ್ಡ ತೆಗೆಯಲು ನಿಮ್ಮ ಒಪ್ಪಿಗೆ ಇದೆಯೆ?" ಎಂದು ಆಡಳಿತಾಧಿಕಾರಿ ಭೀಮಾಶಂಕರ ಗಂಭೀರವಾಗಿ ಓದಿದರು.

ಓತಿಕ್ಯಾತವು ಕೆಂಪು ಶಾಲನ್ನು ನೋಡಿತು. ಮುಂಗಾಲು ಊರಿ, ಎದೆ ಎತ್ತಿ, ಮೇಲಕ್ಕೂ ಕೆಳಕ್ಕೂ ಗೋಣು ಹಾಕಿತು. ಜಯತೀರ್ಥರಿಗೆ ಎದುರಿಗಿದ್ದವರು ಗೋಣು ಹಾಕಿದರೆ ತಾವೂ ಹಾಕುವ ರೂಢಿ. ಅವರೂ ಹಾಕಿದರು. ಓತಿಕ್ಯಾತ ಇನ್ನೂ ಜೋರಾಗಿ ಹಾಕಿತು. ಹೀಗೆ ಉಭಯತ್ರರೂ ನಾಲ್ಕು ನಿಮಿಷ ಗೋಣು ಹಾಕಿದರು.

ಸುಭದ್ರಾ ಎದ್ದು ನಿಂತರು. "ಸರ್, ಅದು ಒಪ್ಪಿಗಿ ಅಲ್ರಿ! ನಿಮ್ಮನ್ನ ಇನ್ನೊಂದು ಗಂಡು ಅಂತ ತಿಳ್ಕೊಂಡದ. ನನ್ನ ಬಂಡೆಗಲ್ಲು ಬಿಟ್ಟು ಹೋಗು ಅಂತ ಧಮಕಿ ಹಾಕ್ಲಿಕತ್ತದ!"

"ಹೌದ್ರಿ ಸಾಹೇಬ್ರ, ಬೈಯಾಕತ್ತೈತ್ರಿ ಅದು," ಎಂದ ವೈಜನಾಥ.

ಭೀಮಾಶಂಕರ ನಿಯಮಗಳ ಪುಸ್ತಕ ತೆರೆದರು. ಗೋಣು ಹಾಕುವುದು ಎಂದರೆ ಒಪ್ಪುವುದು ಎಂಬುದು ಎಲ್ಲ ಭಾಷೆಗಳಲ್ಲೂ ಇರುವ ಅರ್ಥವೆಂದೂ, ಓತಿಕ್ಯಾತಗಳಿಗೆ ಪ್ರತ್ಯೇಕ ಅರ್ಥ ಬೇಕಿದ್ದಲ್ಲಿ ಅವು ಮೊದಲೇ ಲಿಖಿತವಾಗಿ ತಿಳಿಸಬೇಕಿತ್ತೆಂದೂ ಹೇಳಿದರು. ನಡಾವಳಿಯಲ್ಲಿ 'ಪ್ರತಿನಿಧಿಯು ಉತ್ಸಾಹದಿಂದ ಒಪ್ಪಿದರು' ಎಂದು ದಾಖಲಾಯಿತು.

ಸಿಡಿಮದ್ದು ಹಾಕಲು ಎಂಟು ದಿನವಿತ್ತು. ಆ ಎಂಟೂ ದಿನ ಸುಭದ್ರಾ ಮತ್ತು ವೈಜನಾಥ ಬೆಳಗಾಗುವ ಮೊದಲೇ ಬಂದು, ಬಟ್ಟೆಯ ಚೀಲಗಳಲ್ಲಿ ಓತಿಕ್ಯಾತಗಳನ್ನು ಹಿಡಿದು, ಕಾಂಪೌಂಡಿನ ಮೂಲೆಯ ಹಳೆ ಕಲ್ಲುರಾಶಿಗೆ ಸಾಗಿಸಿದರು. ಇಪ್ಪತ್ತೆರಡು ಸಿಕ್ಕವು. ಬಿಟ್ಟ ಮರುದಿನವೇ ಅವುಗಳಲ್ಲಿ ಒಂಬತ್ತು ತಮ್ಮ ತಮ್ಮ ಬಂಡೆ ಹುಡುಕಿಕೊಂಡು ಗುಡ್ಡಕ್ಕೆ ವಾಪಸು ಹೋಗಿದ್ದವು.

"ಇವಕ್ಕ ಹೆಂಗ ತಿಳಿಸಿ ಹೇಳೂದ್ರಿ ಮೇಡಂ," ಎಂದು ವೈಜನಾಥ ಕಲ್ಲಿನ ಮೇಲೆ ಕುಳಿತುಬಿಟ್ಟ. ಸುಭದ್ರಾ ಖಾಲಿ ಚೀಲಗಳನ್ನು ಮತ್ತೆ ಎತ್ತಿಕೊಂಡರು. ಒಪ್ಪಿಗೆ ಕೇಳಿರಿ ಎಂದವರು ತಾವೇ ಎಂಬುದು ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಒಂಬತ್ತನೆಯ ದಿನ ಗುಡ್ಡ ಸಿಡಿಯಿತು. ಊಟದ ಕೋಣೆಯ ಗಾಜುಗಳು ನಡುಗಿದ್ದರಿಂದ ಅಂದು ಅರ್ಧ ದಿನ ರಜೆ ಕೊಡಲಾಯಿತು.

ಹದಿನೇಳನೆಯದು ಮಾತ್ರ ನಿರ್ದೇಶಕರ ಕೋಣೆಯಲ್ಲಿಯೇ ಉಳಿಯಿತು. ಅದಕ್ಕೆ 'ಸಮ್ಮತಿ ಪ್ರತಿನಿಧಿ' ಎಂಬ ಹುದ್ದೆಯನ್ನು ಸೃಷ್ಟಿಸಲಾಯಿತು. ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಭೀಮಾಶಂಕರ ದಿನವೂ ಸಹಿ ಮಾಡುತ್ತಿದ್ದರು. ಸುದ್ದಿ ಹಬ್ಬಿ, ಬೇರೆ ಬೇರೆ ಇಲಾಖೆಗಳಿಂದ ಕೋರಿಕೆಗಳು ಬಂದವು. ಎಲ್ಲರಿಗೂ ಎಲ್ಲಿಯೋ ಒಂದು ಕಡೆ ಯಾವುದೋ ಪ್ರಾಣಿಯ ಒಪ್ಪಿಗೆ ಬೇಕಾಗಿತ್ತು. ಓತಿಕ್ಯಾತವು ಮೀನಿನ ಪರವಾಗಿ ಹೇಗೆ ಒಪ್ಪೀತು ಎಂಬ ಪ್ರಶ್ನೆ ಎದ್ದಾಗ, ಕೇಂದ್ರವು ವೈಜ್ಞಾನಿಕ ಸ್ಪಷ್ಟೀಕರಣ ನೀಡಿತು. 'ವಿಕಾಸದ ದೃಷ್ಟಿಯಿಂದ ಬೆನ್ನೆಲುಬು ಇರುವ ಪ್ರಾಣಿಗಳೆಲ್ಲ ಒಂದೇ ಮೂಲದವು. ಆದ್ದರಿಂದ ಅವೆಲ್ಲವುಗಳ ಪರವಾಗಿ ಹದಿನೇಳನೆಯ ಓತಿಕ್ಯಾತವೇ ಪ್ರತಿನಿಧಿ.' ಬೆನ್ನೆಲುಬು ಇಲ್ಲದವುಗಳ ಪ್ರಾತಿನಿಧ್ಯವನ್ನು ಕೇಂದ್ರದ ಆಡಳಿತ ಮಂಡಳಿ ತಾನೇ ವಹಿಸಿಕೊಂಡಿತು.

ಆದರೆ ಆಗಸ್ಟಿನ ಹೊತ್ತಿಗೆ ಓತಿಕ್ಯಾತದ ಕೆಂಪು ಮಾಸಿ ಬೂದಿಯಾಯಿತು. ಅದು ಗೋಣು ಹಾಕುವುದನ್ನೇ ನಿಲ್ಲಿಸಿತು. ಬಿಸಿಲಿಲ್ಲ, ಬಂಡೆಯಿಲ್ಲ, ಎದುರಾಳಿಯಿಲ್ಲ, ಇದು ಸಾಯುತ್ತದೆ, ಬಿಟ್ಟುಬಿಡಿ ಎಂದು ಸುಭದ್ರಾ ವರದಿ ಬರೆದರು. ಓದಿದ ಜಯತೀರ್ಥರಿಗೆ ಮುಖವೆಲ್ಲ ಸಂತೋಷ.

"ಸುಭದ್ರಾ ಅವರ, ಸ್ವಭಾವನ ಬದಲಾಗಿಬಿಟ್ಟದ ಅಂದ್ರ ಇದು ವಿಕಾಸ ಅಲ್ಲೇನು? ಹೊರಗಿನ ದೇಶದವರು ಇದಕ್ಕ ಲಕ್ಷ ಲಕ್ಷ ವರ್ಷ ತಗೋತಾರ. ನಾವು ಎರಡು ತಿಂಗಳದಾಗ ಮುಗಿಸೀವಿ!"

ವಾರ್ಷಿಕ ವರದಿಯಲ್ಲಿ 'ಆವರಣದಲ್ಲಿ ಪೂರ್ಣಗೊಂಡ ವಿಕಾಸಗಳು: ಒಂದು' ಎಂದು ಸೇರಿಸಲಾಯಿತು. ಜೊತೆಗೆ ಸುತ್ತೋಲೆಯೊಂದು ಹೊರಟಿತು. 'ಪ್ರತಿನಿಧಿಯು ಹದಿನೈದು ನಿಮಿಷದೊಳಗೆ ಗೋಣು ಹಾಕದಿದ್ದಲ್ಲಿ, ಹಾಕಿದಂತೆಯೇ ಪರಿಗಣಿಸತಕ್ಕದ್ದು.' ಸಮಯ ನೋಡಿ ಹೇಳುವ ಕೆಲಸವನ್ನು, ಪ್ರತಿನಿಧಿಯ ಬಗ್ಗೆ ಅಪಾರ ಅನುಭವವಿರುವ ಸುಭದ್ರಾ ಅವರಿಗೆ ವಹಿಸಲಾಯಿತು.

ಮುಂದಿನ ಸಭೆ ಉಪ್ಪಲ್‌ನ ಆಚೆ, ಒಂದು ಕೆರೆಯ ದಂಡೆಯಲ್ಲಿ. ಕೆರೆಯನ್ನು ಮುಚ್ಚಿ ವಾಹನ ನಿಲ್ದಾಣ ಮಾಡುವುದಿತ್ತು. ಶಾಮಿಯಾನದಡಿ ಕಾಲನಿಯ ಅರವತ್ತು ಜನ ಸೇರಿದ್ದರು. ಗಾಜಿನ ಪೆಟ್ಟಿಗೆ ಬಂದಾಗ, ಪ್ರತಿನಿಧಿಯ ದರ್ಜೆಗೆ ತಕ್ಕಂತೆ ಎಲ್ಲರೂ ಎದ್ದು ನಿಲ್ಲಬೇಕೆಂದು ಧ್ವನಿವರ್ಧಕದಲ್ಲಿ ಕೋರಲಾಯಿತು. ಎಲ್ಲರೂ ಎದ್ದರು.

ಆಳಂದ ಕಡೆಯಿಂದ ಬಂದು ನಲವತ್ತು ವರ್ಷದಿಂದ ಅಲ್ಲೇ ಇರುವ ಗೋದಾಬಾಯಿ ಎಂಬ ಮುದುಕಿ ಮುಂದೆ ಬಂದಳು. ಭೀಮಾಶಂಕರರ ಮಾತಿನಲ್ಲಿ ಕನ್ನಡದ ಎಳೆ ಹಿಡಿದು, "ಸಾಹೇಬ್ರ, ಕೆರಿ ಮುಚ್ಚಿದ್ರ ಮಳಿನೀರು ಎಲ್ಲಾ ನಮ್ಮ ಮನ್ಯಾಗ ಬರ್ತೈತ್ರಿ. ನಂದು ಒಪ್ಪಿಗಿ ಇಲ್ಲ," ಎಂದಳು.

ಭೀಮಾಶಂಕರ ಸೌಜನ್ಯದಿಂದ ಕೇಳಿದರು. "ಅಮ್ಮಾ, ನಿಮಗ ಬೆನ್ನೆಲುಬು ಐತೇನು?"

"ಐತ್ರಿ. ಎರಡು ವರ್ಷ ಆತು, ಭಾಳ ನೋಯ್ತೈತಿ."

"ಹಂಗಾದ್ರ ನಿಮ್ಮ ಒಪ್ಪಿಗಿನೂ ಇದರಾಗ ಬಂತು. ಕುಂಡ್ರಿ."

ಗೋದಾಬಾಯಿ ಪೆಟ್ಟಿಗೆಯ ಬಳಿ ಬಗ್ಗಿ ನೋಡಿದಳು. "ನಮ್ಮೆಲ್ಲಾರ ಪರವಾಗಿ ಇದು ಏನ್ ಹೇಳ್ತೈತ್ರಿ ಅವ್ವಾ?" ಎಂದು ಸುಭದ್ರಾ ಅವರನ್ನು ಕೇಳಿದಳು.

"ಏನೂ ಹೇಳಂಗಿಲ್ಲಮ್ಮ. ಅದಕ್ಕ ಆರಾಮಿಲ್ಲ."

"ಅಯ್ಯ ಪಾಪ. ನೆಳ್ಳಾಗ ಯಾಕ ಇಟ್ಟೀರಿ? ಬಿಸಲಿಗೆ ಬಿಡ್ರಿ," ಎಂದು ಗೋದಾಬಾಯಿ ಹೋಗಿ ಕೂತಳು. ಹದಿನೈದು ನಿಮಿಷ ಆಯಿತು. ಸುಭದ್ರಾ "ಆಯ್ತು" ಎಂದರು. ಕೆರೆ ಒಪ್ಪಿತು.

ವಾಪಸು ಬರುವಾಗ ಸುಭದ್ರಾ ಜೀಪು ನಿಲ್ಲಿಸಿದರು. ರಸ್ತೆಯ ಬದಿಗೆ ಇನ್ನೂ ಯಾರ ಕಣ್ಣಿಗೂ ಬೀಳದ ಒಂದು ಬಂಡೆಗುಡ್ಡವಿತ್ತು. ವೈಜನಾಥ ಪೆಟ್ಟಿಗೆಯ ಮುಚ್ಚಳ ತೆಗೆದ. ಓತಿಕ್ಯಾತ ಬಿಸಿ ಬಂಡೆಯ ಮೇಲೆ ಹೊಟ್ಟೆ ಊರಿ, ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಒಂದು ಬಿರುಕಿನಲ್ಲಿ ಹೊಕ್ಕಿತು. ಸುಭದ್ರಾ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು.

ಮರುದಿನ ಅವರು ತಪ್ಪೊಪ್ಪಿಗೆ ಬರೆದು ಕೊಟ್ಟರು. 'ಸಮ್ಮತಿ ಪ್ರತಿನಿಧಿಯನ್ನು ನಾನೇ ಬಿಟ್ಟಿದ್ದೇನೆ. ಶಿಕ್ಷೆಗೆ ಸಿದ್ಧಳಿದ್ದೇನೆ.' ಜಯತೀರ್ಥರು ಹಾಜರಿ ಪುಸ್ತಕ ತರಿಸಿದರು. ಅಂದಿನ ತಾರೀಖಿಗೂ ಪ್ರತಿನಿಧಿಯ ಹೆಸರಿನ ಮುಂದೆ ಭೀಮಾಶಂಕರರ ಸಹಿ ಇತ್ತು.

"ಹಾಜರಿ ಅದಲ್ರಿ," ಎಂದರು ಜಯತೀರ್ಥರು ಸಮಾಧಾನದಿಂದ. "ಗೋಣು ಹಾಕದಿದ್ರೂ ಹಾಕಿದಂಗ ಅಂತ ಸುತ್ತೋಲಿ ಅದ. ಮತ್ತ ಪೆಟ್ಟಗಿ ಒಳಗ ಯಾರರ ಇರಬೇಕಂತ ಎಲ್ಲದ?" ತಪ್ಪೊಪ್ಪಿಗೆಯನ್ನು ಅದರಲ್ಲಿ ಹುರುಳಿಲ್ಲವೆಂಬ ಕಾರಣಕ್ಕೆ ಹಿಂತಿರುಗಿಸಲಾಯಿತು.

ಅಂದಿನಿಂದ ಖಾಲಿ ಪೆಟ್ಟಿಗೆಯೇ ಸಭೆಗಳಿಗೆ ಹೋಗುತ್ತಿದೆ. ನವಿಲು, ಮೊಲ, ನೀರುಹಾವುಗಳ ಪರವಾಗಿ ಈವರೆಗೆ ಮೂವತ್ತೊಂದು ಒಪ್ಪಿಗೆ ನೀಡಿದೆ. ಜನ ಎದ್ದು ನಿಲ್ಲುತ್ತಾರೆ, ಕೆಲವರು ಕೈಯನ್ನೂ ಮುಗಿಯುತ್ತಾರೆ. ಪೆಟ್ಟಿಗೆಯಲ್ಲಿ ಏನೂ ಇಲ್ಲ ಎಂದು ಈವರೆಗೆ ಯಾರೂ ದೂರಿಲ್ಲ.

ಕಳೆದ ಸೋಮವಾರದ ಸಭೆಯಲ್ಲಿ ಸುಭದ್ರಾ ಹದಿನೈದನೆಯ ನಿಮಿಷಕ್ಕೆ "ಆಯ್ತು" ಎನ್ನದೆ ಎದುರಿಗಿದ್ದ ಜನರ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತರು. ಹದಿನಾರಾಯಿತು, ಹದಿನೇಳಾಯಿತು. ಸಭೆಯಲ್ಲಿ ಯಾರೂ ಅಲುಗಲಿಲ್ಲ. ಹತ್ತೊಂಬತ್ತನೆಯ ನಿಮಿಷಕ್ಕೆ ಅವರು "ಆಯ್ತು" ಎಂದರು. ನಾಲ್ಕು ನಿಮಿಷದ ವಿಳಂಬಕ್ಕೆ ವಿವರಣೆ ಕೇಳಲಾಯಿತು. ಗಡಿಯಾರ ನಿಂತಿತ್ತು ಎಂದು ಅವರು ಬರೆದುಕೊಟ್ಟಿದ್ದಾರೆ. ವಿವರಣೆಯನ್ನು ಅಂಗೀಕರಿಸಲಾಗಿದೆ.