ಕುಡಿಯದ ಗೈಡು, ಆಲ್ಸೇಸಿನ ಬಿಳಿ ವೈನು

ಯಾವುದು ಬೇಡವೋ ಅದೇ ಬಂದು ಕೊರಳಿಗೆ ಸುತ್ತಿಕೊಳ್ಳೋದು ನಮ್ಮ ವಂಶದಲ್ಲೇ ಇದೆ. ನೀರು ಕಂಡರೆ ಹೆದರುತ್ತಿದ್ದ ಚಿಕ್ಕಪ್ಪನಿಗೆ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಲೆಕ್ಕ ಅಂದರೆ ಜ್ವರ ಬರುತ್ತಿದ್ದ ಸೋದರತ್ತೆ ಬ್ಯಾಂಕಿನಲ್ಲಿ ರಿಟೈರ್ ಆದರು. ಹಾಗಿರುವಾಗ ಹುಟ್ಟಿದಾರಭ್ಯ ಒಂದು ತೊಟ್ಟೂ ಕುಡಿಯದ ನಾನು, ಅಮೆರಿಕದ ರಿಸೆಷನ್ನಿನಲ್ಲಿ, ಫ್ರಾನ್ಸಿನ ಬಿಳಿ ವೈನಿನ ಸೀಮೆಯೊಂದಕ್ಕೆ ಗೈಡ್ ಆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ.

೧. ಕುಡದ ಬಂದೀರೇನ?

ಡೆಟ್ರಾಯ್ಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಪೆಟ್ರೋಲ್ ಟ್ಯಾಂಕ್ ತಯಾರಿಸುವ ಕಂಪನಿಯೊಂದರಲ್ಲಿ ನಾನು ಕ್ವಾಲಿಟಿ ಇಂಜಿನಿಯರ್. ಎಲ್ಲಾದರೂ ಪೆಟ್ರೋಲ್ ವಾಸನೆ ಬಂತೋ, ಆ ಟ್ಯಾಂಕಿಗೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕೆ ಸರಿಸಬೇಕು. ಯಂತ್ರಕ್ಕಿಂತ ಮೊದಲು ನನ್ನ ಮೂಗಿಗೇ ಗೊತ್ತಾಗುತ್ತಿತ್ತು. ರಿಸೆಷನ್ ಬಂದಾಗ ಮೂಗಿನ ಸಮೇತ ನನ್ನನ್ನೇ ಪಕ್ಕಕ್ಕೆ ಸರಿಸಿಬಿಟ್ಟರು.

ನಾನು ಮೈಸೂರಿನವನು, ನನ್ನ ಹೆಂಡತಿ ಹುಬ್ಬಳ್ಳಿಯವಳು. ಕೆಲಸ ಹೋಯ್ತು ಅಂತ ಹೇಳಿದರೆ ಅವಳು, "ಏನ್ರೀ, ಕುಡದ ಬಂದೀರೇನ?" ಅಂದಳು. ನಾನು ಏನಾದರೂ ನಂಬಲಾಗದ ಮಾತಾಡಿದರೆ ಅವಳು ಯಾವಾಗಲೂ ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ಆ ದಿನ ಕೇಳಿದವಳು ಹಾಗೇ ಸೋಫಾ ಮೇಲೆ ಕೂತುಬಿಟ್ಟಳು. ಯಾಕೆಂದರೆ ಅವಳು ಬಸುರಿ, ಮತ್ತು ನಮ್ಮ ಹೆಲ್ತ್ ಇನ್ಶೂರೆನ್ಸ್ ಬರುತ್ತಿದ್ದದ್ದು ಕಂಪನಿಯಿಂದ. ಹೊರಗಡೆ ನಾವೇ ಕೊಳ್ಳೋಣ ಅಂದರೆ ಆಗಿನ ಕಾಲದಲ್ಲಿ ಬಸುರಿಯರನ್ನು ಯಾವ ಕಂಪನಿಯೂ ಹತ್ತಿರಕ್ಕೆ ಸೇರಿಸುತ್ತಿರಲಿಲ್ಲ.

ಸಾಮಾನು ಕಟ್ಟಿಕೊಂಡು ಶಿಕಾಗೋ ಕಡೆಗೆ, ಅರೋರಾದಲ್ಲಿದ್ದ ಅವಳ ಅಕ್ಕನ ಮನೆಯ ಬೇಸ್‌ಮೆಂಟಿಗೆ ಬಂದೆವು. ಕಿಟಕಿಯಲ್ಲಿ ಬರೀ ಹುಲ್ಲಿನ ಬೇರು ಕಾಣುತ್ತಿತ್ತು, ದೂರದಲ್ಲಿ ಟ್ರೈನಿನ ಕೂಗು ಕೇಳುತ್ತಿತ್ತು. ನಾನು ಅಪ್ಲೈ ಮಾಡದ ಜಾಗವಿಲ್ಲ. ಕೊನೆಗೆ ಓಕ್ ಬ್ರೂಕ್‌ನ ಒಂದು ವೈನ್ ಅಂಗಡಿಯಿಂದ ಕರೆ ಬಂತು. ಅಂಗಡಿಯ ಒಡತಿ ಬೆಳ್ಳಿ ಕೂದಲಿನ ಅಜ್ಜಿ, ಮಾತು ಚಾಟಿಯೇಟು.

"ಕುಡಿಯುತ್ತೀಯಾ?" ಅಂದಳು.

ಸುಳ್ಳು ಹೇಳೋಕೆ ನಾಲಿಗೆ ಹೊರಳಲಿಲ್ಲ. "ಇಲ್ಲ ಮೇಡಂ, ಈವರೆಗೆ ಮುಟ್ಟಿಲ್ಲ" ಅಂದು, ಎದ್ದು ಹೊರಡೋಕೆ ಕೋಟು ಕೈಗೆತ್ತಿಕೊಂಡೆ.

"ಕೂತ್ಕೋ. ನಿನಗಿಂತ ಮುಂಚೆ ಇದ್ದವನು ನನ್ನ ಅರ್ಧ ಅಂಗಡಿ ಕುಡಿದ. ನಾಳೆಯಿಂದ ಬಾ."

ಸದ್ಯಕ್ಕೆ ಪಾರ್ಟ್ ಟೈಮ್, ಇನ್ಶೂರೆನ್ಸ್ ಇಲ್ಲ. ಆಲ್ಸೇಸ್ ಅನ್ನೋ ಸೀಮೆಯ ವೈನುಗಳನ್ನು ಗಿರಾಕಿಗಳಿಗೆ ಪರಿಚಯ ಮಾಡಿಕೊಡುವುದನ್ನು ಕಲಿತು, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಗಿರಾಕಿಗಳಿಗೆ ವೈನ್ ರುಚಿ ತೋರಿಸೋ ದೊಡ್ಡ ಟೇಸ್ಟಿಂಗ್ ನಡೆಸಿಕೊಟ್ಟರೆ ಕೆಲಸ ಪರ್ಮನೆಂಟು, ಇನ್ಶೂರೆನ್ಸೂ ಉಂಟು. ಮನೆಗೆ ಓಡಿಬಂದು, "ಕೆಲಸ ಸಿಕ್ತು ಕಣೇ, ವೈನ್ ಅಂಗಡೀಲಿ!" ಅಂದೆ.

ಅವಳು ಏನು ಕೇಳಿದಳು ಅಂತ ಬೇರೆ ಹೇಳಬೇಕೇ?

೨. ಕೆಂಪು ಚೀಟಿ

ಆಲ್ಸೇಸನ್ನು ನನಗೆ ಕೊಟ್ಟದ್ದಕ್ಕೆ ಕಾರಣ ಆ ಬಾಟಲಿಗಳ ಮೇಲಿನ ಹೆಸರುಗಳು. ಅಂಗಡಿಯಲ್ಲಿ ಬೇರೆ ಯಾರಿಗೂ ಬಾಯಿ ತಿರುಗುತ್ತಿರಲಿಲ್ಲ. ತಿರುಮಕೂಡಲು ನರಸೀಪುರ ಅಂತ ಬಸ್ ಬೋರ್ಡ್ ಓದಿ ಬೆಳೆದವನಿಗೆ ಗೆವುರ್ಟ್ಸ್‌ಟ್ರಾಮಿನರ್ ಯಾವ ಮಹಾ! ಆ ಸೀಮೆಯೂ ಬೇಗ ಆಪ್ತವಾಯಿತು. ಒಂದು ಕಡೆ ಬೆಟ್ಟದ ಸಾಲು, ಒಂದು ಕಡೆ ನದಿ. ಮಳೆಯೆಲ್ಲ ಬೆಟ್ಟದ ಆಚೆಗೇ ಸುರಿದುಹೋಗುತ್ತೆ, ಥೇಟ್ ನಮ್ಮ ಘಟ್ಟದ ಹಾಗೆ. ಫ್ರೆಂಚೂ ಆಡ್ತಾರೆ, ಜರ್ಮನ್ ಥರದ್ದೂ ಆಡ್ತಾರೆ. ನಮ್ಮನೇಲಿ ಮೈಸೂರೂ ಹುಬ್ಬಳ್ಳಿಯೂ ಇಲ್ಲವೇ, ಹಾಗೆ.

ಕುಡಿಯದಿದ್ದರೇನು, ಮೂಗಿದೆಯಲ್ಲ. ಗೆವುರ್ಟ್ಸ್‌ಟ್ರಾಮಿನರ್ ಮೂಸಿದರೆ ಮದುವೆ ಮನೆ ಬಾಗಿಲಲ್ಲಿ ಎರಚುವ ಪನ್ನೀರು. ಖುಷಿಯಾಯಿತು. ಆಮೇಲೆ ಗಿರಾಕಿಗಳಿಗೆ ರುಚಿ ತೋರಿಸಲು ತೆರೆದಿಟ್ಟಿದ್ದ ರೀಸ್ಲಿಂಗ್ ಅನ್ನೋ ಹಳೇ ವೈನ್ ಮೂಸಿದೆ. ಪೆಟ್ರೋಲ್!

ತಡಮಾಡಲಿಲ್ಲ. ಅದೇ ಜಾತಿಯ ಬಾಟಲಿಗಳನ್ನೆಲ್ಲ ಶೆಲ್ಫಿನಿಂದ ಇಳಿಸಿ, ಒಂದೊಂದಕ್ಕೂ ಕೆಂಪು ಚೀಟಿ ಕಟ್ಟಿ, ಬಾಗಿಲ ಪಕ್ಕದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಅಜ್ಜಿಗೆ ಹೋಗಿ, "ಮೇಡಂ, ಮಾಲು ಕೆಟ್ಟಿದೆ. ವಾಪಸ್ ಕಳಿಸಿ" ಅಂತ ಹೆಮ್ಮೆಯಿಂದ ರಿಪೋರ್ಟ್ ಕೊಟ್ಟೆ.

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ ಪುಣ್ಯಾತ್ಮ, ಅದು ನಮ್ಮಲ್ಲಿರೋ ಅತ್ಯಂತ ದುಬಾರಿ ವೈನು! ವಯಸ್ಸಾದ ರೀಸ್ಲಿಂಗ್‌ಗೆ ಆ ವಾಸನೆ ಬಂದರೇನೇ ಬೆಲೆ!"

ಡೆಟ್ರಾಯ್ಟಿನಲ್ಲಿ ಯಾವ ವಾಸನೆ ಹಿಡಿದುಕೊಟ್ಟಿದ್ದಕ್ಕೆ ಸಂಬಳ ಕೊಡುತ್ತಿದ್ದರೋ, ಇಲ್ಲಿ ಅದನ್ನೇ ಹೊಗಳಬೇಕು. ನನ್ನ ಕೆಲಸ ಹೋಯಿತು ಅಂತಲೇ ಅಂದುಕೊಂಡು ಚೀಟಿ ಬಿಚ್ಚೋಕೆ ಓಡಿದರೆ, ಮೇಜಿನ ಮೇಲೆ ಒಂದು ಬಾಟಲಿಯೂ ಇಲ್ಲ. ರಿಸೆಷನ್ನಿನ ಅಮೆರಿಕದಲ್ಲಿ ಕೆಂಪು ಚೀಟಿ ಅಂದರೆ ಡಿಸ್ಕೌಂಟು. ಜನ ಬೆಲೆಯನ್ನೂ ನೋಡದೆ ಎತ್ತಿಕೊಂಡು ಕ್ಯಾಶ್ ಕೌಂಟರಿನಲ್ಲಿ ಸಾಲು ನಿಂತಿದ್ದರು!

೩. ಏಕಾದಶಿ

ಅರೋರಾದ ದೇವಸ್ಥಾನದಲ್ಲಿ ಒಬ್ಬರು ಡಾಕ್ಟರ್ ಅಂಕಲ್ ಪರಿಚಯ. ಬೆಂಗಳೂರು ಬಸವನಗುಡಿಯವರು, ಹಣೆ ತುಂಬ ನಾಮ. ಒಂದು ದಿನ ಪ್ರಸಾದದ ಸಾಲಿನಲ್ಲಿ ಸಿಕ್ಕಿ, "ಏನಪ್ಪಾ, ಕೆಲಸ ಸಿಕ್ತಂತೆ? ಎಲ್ಲಿ?" ಅಂದರು.

"ಫ್ರಾನ್ಸಲ್ಲಿ ಆಲ್ಸೇಸ್ ಅಂತ ಒಂದು ಸೀಮೆ ಇದೆ ಅಂಕಲ್. ಬಂದವರಿಗೆ ಅದರ ವಿಷಯ ಹೇಳೋದು." ಇದರಲ್ಲಿ ಸುಳ್ಳೇನಿದೆ ಹೇಳಿ.

"ಓಹೋ, ಟೂರಿಸಂ! ಗುಡ್, ಗುಡ್. ನೀನು ಪುಳಿಯೋಗರೆ ತಗೋಪ್ಪ. ನನಗಿವತ್ತು ಏಕಾದಶಿ, ಉಪವಾಸ."

ಅದೇ ಸಂಜೆ ಅಂಗಡಿಗೆ ಒಬ್ಬರು ಬಂದರು. ಟೋಪಿ, ಕಪ್ಪು ಕನ್ನಡಕ. ದಾರಿ ಗೊತ್ತಿರುವವರ ಹಾಗೆ ನೆಟ್ಟಗೆ ನನ್ನ ಶೆಲ್ಫಿಗೇ ಬಂದರು. ಟೋಪಿಯ ಕೆಳಗೆ ಇನ್ನೂ ನಾಮ ಇತ್ತು. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಟೂರಿಸಂ ಅಂದ್ಯಲ್ಲಪ್ಪಾ" ಅಂದರು.

"ನೀವು ಏಕಾದಶಿ ಅಂದ್ರಲ್ಲ ಅಂಕಲ್."

ಅಂಕಲ್ ಒಂದು ಕ್ಷಣವೂ ತಡವರಿಸಲಿಲ್ಲ. "ಅದು ಅನ್ನಕ್ಕಪ್ಪಾ. ಇದು ದ್ರಾಕ್ಷಿ. ಏಕಾದಶಿಗೆ ಫಲಾಹಾರ ನಡಿಯುತ್ತೆ."

೪. ಎಂಜಲು

ಕೊನೆಗೂ ಆ ಟೇಸ್ಟಿಂಗ್ ದಿನ ಬಂತು. ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಬೆಳಿಗ್ಗೆ ನನ್ನ ಟೈ ಸರಿಮಾಡುತ್ತಾ, "ನಿಮಗ ಬರತದ ರೀ, ಹೆದರಬ್ಯಾಡ್ರಿ" ಅಂದಳು. ಹಾಗನ್ನುತ್ತಲೇ ಕಟ್ಟಿದ ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದಳು. ಟ್ರೈನ್ ಹತ್ತಿದ ಮೇಲೂ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಆಲ್ಸೇಸಿನಿಂದ ಒಬ್ಬ ದ್ರಾಕ್ಷಿ ಬೆಳೆಗಾರ ಬಂದಿದ್ದ, ತೋಟದಲ್ಲಿ ದುಡಿದು ಒರಟಾದ ಕೈಗಳ ಮುದುಕ. ಓಕ್ ಬ್ರೂಕಿನ ದೊಡ್ಡ ಮನುಷ್ಯರೆಲ್ಲ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಸೇರಿದ್ದರು. ಹಿಂದಿನ ಸಾಲಿನಲ್ಲಿ ಡಾಕ್ಟರ್ ಅಂಕಲ್. ನಾನು ಬೆಟ್ಟ, ನದಿ, ಪನ್ನೀರು ಎಲ್ಲ ಹೇಳಿದೆ. ಮೂಸಿ ಮೂಸಿಯೇ ಮುಕ್ಕಾಲು ಪ್ರೋಗ್ರಾಂ ದಾಟಿಸಿದೆ. ಇನ್ನೇನು ಮುಗೀತು ಅನ್ನುವಾಗ ಮುದುಕ ತನ್ನ ಅಪ್ಪನ ಕಾಲದ ಒಂದು ರೀಸ್ಲಿಂಗ್ ಬಾಟಲಿ ತೆಗೆದ. ತನ್ನ ಗ್ಲಾಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದು, ಕೆಟ್ಟಿಲ್ಲ ಅಂತ ತಲೆಯಾಡಿಸಿದ. ಆಮೇಲೆ ಅದೇ ಗ್ಲಾಸನ್ನು ಎರಡೂ ಕೈಯಲ್ಲಿ ನನಗೆ ನೀಡಿದ.

"ಮೊದಲ ರುಚಿ ನಮ್ಮ ಗೈಡಿಗೆ" ಅಂದ.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಬೇಡ ಅಂದರೆ ಅತಿಥಿಗೆ ಅವಮಾನ, ನನ್ನ ಇನ್ಶೂರೆನ್ಸಿಗೆ ತಿಲಾಂಜಲಿ. ಹೆಂಡತಿ ಬಿಚ್ಚಿ ಬಿಚ್ಚಿ ಕಟ್ಟಿದ ಟೈ ನೆನಪಾಯಿತು. ಕುಡಿದೇಬಿಡೋಣ ಅಂತ ಗ್ಲಾಸ್ ಎತ್ತಿದೆ. ವೈನಿನ ಭಯವನ್ನಾದರೂ ಗೆದ್ದೆ ಕಣ್ರೀ, ಆದರೆ ಎಂಜಲು! ನಾನು ಚೊಂಬಿಗೆ ತುಟಿ ತಗುಲಿಸಿದರೆ ಮೈಸೂರಿನ ನಮ್ಮಜ್ಜಿ ಬೆನ್ನಿಗೆ ಬಾರಿಸಿ ಬೆಳೆಸಿದ ಮೈ ಇದು. ತಲೆ ತಾನೇ ಹಿಂದಕ್ಕೆ ವಾಲಿತು, ಬಾಯಿ ತಾನೇ ತೆರೆಯಿತು, ಕೈ ತಾನೇ ಒಂದು ಗೇಣು ಮೇಲೇರಿತು. ತೆಳ್ಳಗೆ ಧಾರೆಯಾಗಿ, ಒಂದು ಹನಿ ಚೆಲ್ಲದೆ, ಗಟಗಟ ಇಳಿಸಿಬಿಟ್ಟೆ. ಎತ್ತಿ ಕುಡಿದಿದ್ದು ಸೀದಾ ಹೊಟ್ಟೆಗೇ ಹೋಗುತ್ತೆ. ಟೇಸ್ಟಿಂಗಿನಲ್ಲಿ ರುಚಿ ನೋಡಿ ಉಗಿಯೋ ಪದ್ಧತಿಯೇನೋ ಇದೆ, ಆದರೆ ಉಗಿಯೋಣ ಅಂದರೂ ಬಾಯಲ್ಲಿ ಏನೂ ಉಳಿದಿರಲಿಲ್ಲ.

ನನ್ನ ಬಾಯಿಂದ ನಿಜವೇ ಹೊರಬಿತ್ತು. "ನಮ್ಮಜ್ಜಿಯ ಸೀಮೆಎಣ್ಣೆ ಸ್ಟವ್ ಹತ್ತಿಸಿ, ಪಕ್ಕದಲ್ಲಿ ನಿಂಬೆಹಣ್ಣು ಹೆಚ್ಚಿದ ಹಾಗಿದೆ" ಅಂತ ಇಂಗ್ಲಿಷಿನಲ್ಲಿ ಹೇಳಿದೆ.

ಮುದುಕ ನನ್ನ ಭುಜ ಹಿಡಿದುಕೊಂಡ. "ಗಾಳಿ! ಹಳೇ ವೈನಿನ ಪರಿಮಳ ಅರಳಲಿ ಅಂತ ಗಾಳಿ ಆಡಿಸಿ ಕುಡಿದ! ಇಷ್ಟು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ!" ಅಂದವನೇ ತಾನೂ ತಲೆ ಎತ್ತಿ ಸುರಿದುಕೊಂಡ. ಅರ್ಧ ಮೂಗಿಗೆ ಹೋಯಿತು, ಅರ್ಧ ಅಂಗಿಗೆ. ಅಷ್ಟೇ, ಎಲ್ಲರಿಗೂ ಹುಚ್ಚು ಹಿಡಿಯಿತು. ವಕೀಲರು, ಬ್ಯಾಂಕಿನವರು ಒಬ್ಬೊಬ್ಬರಾಗಿ ಬಾಯಿ ತೆರೆದು ನಿಂತರು. ಕೆಮ್ಮು, ಸೀನು, ನಗು, ಇಸ್ತ್ರಿ ಶರ್ಟುಗಳೆಲ್ಲ ಒದ್ದೆ. ಒಂದು ಹನಿ ಚೆಲ್ಲದೆ ಎತ್ತಿ ಕುಡಿದವರು ಡಾಕ್ಟರ್ ಅಂಕಲ್ ಒಬ್ಬರೇ. ಕುಡಿದು, ನನಗೆ ಕಣ್ಣು ಹೊಡೆದು, ಇನ್ನೊಂದು ಗ್ಲಾಸಿಗೆ ಕೈ ಚಾಚಿದರು.

ಶೆಲ್ಫ್ ಖಾಲಿ ಆಯಿತು. ಅಜ್ಜಿ ನಗುತ್ತಾ ಕಣ್ಣೊರೆಸಿಕೊಂಡು, "ನಾಳೆಯಿಂದ ಪರ್ಮನೆಂಟ್. ಹೆಂಡತಿಗೆ ಹೇಳು, ಆಸ್ಪತ್ರೆ ಚಿಂತೆ ಬೇಡ" ಅಂದಳು.

ಆ ಅಂಗಡಿ ಈಗಿಲ್ಲ, ಅಜ್ಜಿಯೂ ಇಲ್ಲ. ನಾವು ಮತ್ತೆ ಡೆಟ್ರಾಯ್ಟ್ ಕಡೆಗೇ ಬಂದು ಎಷ್ಟೋ ವರ್ಷವಾಯಿತು. ಆ ಚಳಿಗಾಲದಲ್ಲಿ ಹುಟ್ಟಿದ ಮಗಳು ಈಗ ಕಾರ್ ಡ್ರೈವ್ ಮಾಡುತ್ತಾಳೆ. ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲ್ ತುಂಬಿಸುವಾಗ ನಾನು ಕಣ್ಣು ಮುಚ್ಚಿ ಉಸಿರೆಳೆದರೆ, "ಡ್ಯಾಡ್, ಸ್ಟಾಪ್ ಇಟ್" ಅಂತಾಳೆ. ಅವಳಿಗೇನು ಗೊತ್ತು, ನನಗಲ್ಲಿ ಆ ಅಂಗಡಿಯೇ ಕಾಣುತ್ತೆ. ಆ ದಿನ ಪಾರ್ಕಿಂಗ್ ಲಾಟಿನಲ್ಲಿ ನಿಂತು, ಕಿವಿ ಬಿಸಿಯಾಗಿ, ಕಾಲು ಹಗುರಾಗಿ, ಫೋನಿನಲ್ಲಿ ಕೂಗಿದ್ದು ನೆನಪಾಗುತ್ತೆ.

"ಸಿಕ್ತು ಕಣೇ! ಪರ್ಮನೆಂಟು! ಇನ್ಶೂರೆನ್ಸೂ ಬಂತು!"

ಆ ಕಡೆಯಿಂದ ಅಳುವೋ ನಗುವೋ ತಿಳಿಯದ ದನಿಯಲ್ಲಿ ಅವಳು ಕೇಳಿದಳು:

"ಖರೇ ಹೇಳ್ರೀ, ಕುಡದೀರೇನ?"

ಮದುವೆಯಾದಾಗಿನಿಂದ ಕೇಳುತ್ತಿದ್ದ ಪ್ರಶ್ನೆ. ಮೊದಲನೇ ಸಲ, "ಹೂಂ" ಅಂದೆ.