ಮಾವನ ಪುಸ್ತಕಗಳಲ್ಲಿ ಯಾರೂ ಸಾಯುತ್ತಿರಲಿಲ್ಲ

1958ರ ಜನವರಿಯ ಮೊದಲ ಭಾನುವಾರ, ಕೋಲಾರದ ಚಿನ್ನದ ಗಣಿ ಚಾಂಪಿಯನ್ ರೀಫ್ಸಿನ ಕಾರ್ಮಿಕರ ಲೈನಿನಲ್ಲಿ ತನ್ನ ಮನೆಯ ಮುಂದೆ ಕುಳಿತು, ನನ್ನ ಸೋದರಮಾವ ಹಿಂದಿನ ವರ್ಷದ ಮೆಚ್ಚಿನ ಪುಸ್ತಕಗಳನ್ನು ಘೋಷಿಸಿದ. ಓದಿದ್ದು ಹನ್ನೊಂದು ಕಾದಂಬರಿ. ಮೆಚ್ಚಿದ್ದೂ ಹನ್ನೊಂದು!

"ಒಂದಾದ್ರೂ ಕೆಟ್ಟದ್ದು ಇರಲಿಲ್ವೇ ಮಾವ?"

"ಯಾಕ್ಲಾ ಇರ್ತದೆ? ಎಲ್ಲಾದ್ರಾಗೂ ಎಲ್ರೂ ಬದುಕವ್ರೆ."

ಇಂಥ ಓದುಗ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದನೇ? ನನಗೆ ತಿಳಿದ ಮಟ್ಟಿಗೆ ಇಲ್ಲ.

ಮಾವ ಗಣಿಯಲ್ಲಿ ಬಡಗಿ. ವಾಚನಾಲಯದಿಂದ ಕನ್ನಡ ಕಾದಂಬರಿ ತಂದು ಭಾನುವಾರ ಮಧ್ಯಾಹ್ನ ನೆರೆಹೊರೆಯವರಿಗೆ ಓದಿ ಹೇಳುತ್ತಿದ್ದ. ಕೇಳುವವರಲ್ಲಿ ಹೆಚ್ಚಿನವರು ತಮಿಳರು. ಹಾಗಾಗಿ ಕಣ್ಣು ಕನ್ನಡದ ಮೇಲೆ, ಬಾಯಿ ತಮಿಳಿನಲ್ಲಿ. ಖಳನಾಯಕನನ್ನು ಬಯ್ಯಲು ಮಾತ್ರ ತೆಲುಗು. ಲೇಖಕ ಬರೆದದ್ದೇನು ಎಂದು ಪರೀಕ್ಷಿಸಲು ಅಲ್ಲಿ ಯಾರಿದ್ದರು? ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತ, ಭಾನುವಾರ ಬಂದುಹೋಗುತ್ತಿದ್ದ ನಾನೊಬ್ಬನಿದ್ದೆ. ಪುಸ್ತಕಗಳನ್ನು ತರಿಸಿ ಓದಿದೆ. ಬಾವಿಗೆ ಬಿದ್ದು ಸತ್ತ ನಾಯಕಿಗೆ ಮಾವ ಈಜು ಕಲಿಸಿದ್ದ. ಗಲ್ಲಿಗೇರಿದ ಡಕಾಯಿತನನ್ನು ಬಂಗಾರಪೇಟೆಯಲ್ಲಿ ಬೇರೆ ರೈಲು ಹತ್ತಿಸಿ ಪಾರು ಮಾಡಿದ್ದ. ಕಥೆ ನಡೆದದ್ದು ಮೊಗಲರ ಕಾಲದಲ್ಲಿ!

"ಮೊಗಲರ ಕಾಲದಲ್ಲಿ ರೈಲೆಲ್ಲಿತ್ತು ಮಾವ?"

"ಅವ್ನು ಸತ್ರೆ ಈ ಎಂಗಸ್ರು ಮನೇಗೋಗಿ ಉಂಡಾರೇನ್ಲಾ? ನಿನ್ ಪೇಪರ್‌ನಾಗೆ ದಿನಾ ಸಾಯಿಸ್ತೀಯಲ್ಲ, ಅದು ಸಾಲ್ದಾ?"

ಹೊಸ ವರ್ಷದ ಮೊದಲ ಪುಸ್ತಕದ ನಾಯಕ ಒಬ್ಬ ಹಳ್ಳಿ ಮೇಷ್ಟ್ರು. ನಡುವೆ ಕಾಯಿಲೆ ಬೀಳುತ್ತಾರೆ. ಮಾವನ ಓದು ಆ ಘಟ್ಟಕ್ಕೆ ಬಂದ ವಾರವೇ ಪಕ್ಕದ ಮನೆಯ ಹೆಂಗಸಿನ ಗಂಡ, ಗಣಿಯೊಳಗೆ ಬಂಡೆ ಕುಸಿದು ಆಸ್ಪತ್ರೆ ಸೇರಿದ. ಆಕೆ ಪ್ರತಿ ಭಾನುವಾರ ಆಸ್ಪತ್ರೆಯಿಂದ ನೇರವಾಗಿ ಕಥೆಗೆ ಬರುತ್ತಿದ್ದಳು. "ಅಣ್ಣೇ, ಮೇಷ್ಟ್ರು ಎಪ್ಪಡಿ ಇರ್ಕಾರು?" ಎಂದು ಮೇಷ್ಟ್ರ ಆರೋಗ್ಯ ವಿಚಾರಿಸಿಯೇ ಕೂರುವಳು.

ಪುಸ್ತಕದ ಮೇಷ್ಟ್ರು ನೂರ ಹತ್ತನೇ ಪುಟದಲ್ಲಿ ಸತ್ತಿದ್ದರು. ಮಾವನ ಮೇಷ್ಟ್ರು ಗಂಜಿ ಕುಡಿದರು, ಎದ್ದು ಕೂತರು, ಕೋಲೂರಿ ಶಾಲೆಗೆ ಹೋದರು. ಮುಂದೇನು? ಮಾವನಿಗೂ ಗೊತ್ತಿರಲಿಲ್ಲ. ಒಂದು ಭಾನುವಾರ ಮೇಷ್ಟ್ರು ಮಕ್ಕಳಿಗೆ ಹದಿನಾರರ ಮಗ್ಗಿ ಹೇಳಿಕೊಟ್ಟರು. ಪೂರ್ತಿ, ತಮಿಳಿನಲ್ಲಿ! ಒಬ್ಬರೂ ಎದ್ದು ಹೋಗಲಿಲ್ಲ.

"ಇನ್ನೆಷ್ಟು ದಿನ ಎಳೀತೀಯ ಮಾವ?"

"ಆ ಯಪ್ಪ ಆಸ್ಪತ್ರೆಯಿಂದ ಬರೋಗಂಟ ಕಣ್ಲಾ."

ಆತ ಬರಲಿಲ್ಲ. ಮಾರ್ಚ್ ತಿಂಗಳಲ್ಲಿ ತೀರಿಕೊಂಡ.

ಎರಡು ಭಾನುವಾರ ಮಾವ ಪುಸ್ತಕ ತೆರೆಯಲಿಲ್ಲ. ಮೂರನೆಯ ಭಾನುವಾರ ಆಕೆಯೇ ಬಂದು ಕುಳಿತಳು. ಮಾವ ತಡವರಿಸುತ್ತ, ಮೇಷ್ಟ್ರು ಶಾಲೆಯಿಂದ ಮನೆಗೆ ಬಂದರೆಂದು ಶುರುಮಾಡಿದ.

"ಬೇಡ ಅಣ್ಣೇ," ಎಂದಳು ಆಕೆ, ತನ್ನ ಅರೆಬರೆ ಕನ್ನಡದಲ್ಲಿ. "ಮೇಷ್ಟ್ರು ಸತ್ತೋದ್ರು ತಾನೇ? ಆಮೇಲೆ ಅವ್ರ ಎಂಡ್ತಿ ಏನ್ ಮಾಡಿದ್ಳು? ಅದು ಓದು."

ಮಾವ ಹಾಳೆಗಳನ್ನು ಹಿಂದಕ್ಕೆ ತಿರುವಿದ. ನೂರ ಹತ್ತನೇ ಪುಟದಿಂದ, ಒಂದು ಸಾಲೂ ಬಿಡದೆ ಓದಿದ.

ಪುಸ್ತಕ ಮುಗಿಯಲು ಐದು ಭಾನುವಾರ ಹಿಡಿಯಿತು. ಆಕೆ ಐದಕ್ಕೂ ಬಂದಳು.